ಹಾಲು ಉಕ್ಕಿತು, ಕರೆಂಟು ಹೋಯಿತು

ಆಷಾಢ ಹುಟ್ಟೋಕೆ ಮುಂಚೆ ಹೊಸ ಮನೆ ಸೇರಿಬಿಡಬೇಕು ಅನ್ನೋದು ನಮ್ಮತ್ತೆಯ ಹಟ. 2025ರಲ್ಲಿ ಆಷಾಢ ಜೂನ್ 26ಕ್ಕೇ ಬಂದಿತ್ತು. ಹಾಗಾಗಿ 22ರ ಭಾನುವಾರ ಸಕಲೇಶಪುರದಿಂದ ಸಾಮಾನು ತುಂಬಿಕೊಂಡು ಬಂದು, ಹಾಸನದ ಸಾಲಗಾಮೆ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹತ್ತಿಸಿದೆವು. ನಮ್ಮವರು ಅದೇ ರಾತ್ರಿ ಬೆಂಗಳೂರಿಗೆ ಹೊರಟರು, ಸೋಮವಾರ ಆಫೀಸು. ಉಳಿದವರು ನಾನು, ಅತ್ತೆ, ಮತ್ತು ಇಪ್ಪತ್ತಮೂರು ರಟ್ಟಿನ ಡಬ್ಬಗಳು.

ಸೋಮವಾರ ಬೆಳಿಗ್ಗೆ ಹಾಲು ಉಕ್ಕಿಸಿದೆವು. ಹಾಲು ಪಾತ್ರೆಯ ಅಂಚು ದಾಟಿ ಒಲೆ ಮೇಲೆ ಬಿತ್ತು, ಅತ್ತೆ ಕೈಮುಗಿದರು. ಫ್ಯಾನು ನಿಂತಿತು. ಫ್ರಿಜ್ಜು ಒಂದು ಸಲ ನಡುಗಿ ಸುಮ್ಮನಾಯಿತು. ಫೋನಿನಲ್ಲಿ ಗಂಟೆ ನೋಡಿದೆ, ಸರಿಯಾಗಿ 10.

ಹೊಸ ಊರು, ಮಳೆಗಾಲ, ಕರೆಂಟು ಹೋಗೋದು ದೊಡ್ಡ ವಿಷಯವಾ? ಸಕಲೇಶಪುರದಲ್ಲಿ ಮರ ಬಿದ್ದು ಎರಡೆರಡು ದಿನ ಕರೆಂಟಿಲ್ಲದೆ ಇದ್ದವರು ನಾವು. ಅರ್ಧ ಗಂಟೆ ಕಾದೆ. ಆಮೇಲೆ ಬಾಗಿಲು ತೆಗೆದು ನೋಡಿದರೆ ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿದೆ. ಆದರೆ ನಮ್ಮ ಮಹಡಿಯ ಪ್ಯಾಸೇಜ್ ಮಾತ್ರ ಕತ್ತಲು. ಪಕ್ಕದ ಮನೆಯವರು, ಹೊಳೆನರಸೀಪುರದ ಕಡೆಯವರು, ಮಿಕ್ಸಿ ನಿಲ್ಲಿಸಿ ಹೊರಗೆ ಬಂದರು. "ನಿಮ್ದು ಬ್ಯಾಲೆನ್ಸ್ ಮುಗಿದಿರ್ಬೇಕು ನೋಡ್ರಿ. ಇಲ್ಲಿ ಕರೆಂಟಿಗೂ ರೀಚಾರ್ಜ್ ಮಾಡ್ಬೇಕು. ಓನರ್ ಹೇಳ್ಲಿಲ್ವಾ?" ಅಂದರು. ಆಮೇಲೆ ಮೇಲಕ್ಕೆ ನೋಡಿ, "ಅಯ್ಯೋ, ಪ್ಯಾಸೇಜ್ ಲೈಟೂ ಹೋಗಿದೆಯಲ್ಲ" ಅಂತ ಸೇರಿಸಿದರು. ಆ ಎರಡನೇ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಓನರ್ ಹೇಳಿರಲಿಲ್ಲ. ಬಾಡಿಗೆ ಹೇಳಿದ್ದರು, ಅಡ್ವಾನ್ಸ್ ಹೇಳಿದ್ದರು, ಗೋಡೆಗೆ ಮೊಳೆ ಹೊಡೀಬಾರದು ಅಂತ ಮೂರು ಸಲ ಹೇಳಿದ್ದರು.

"ಇದೇನವ್ವ, ಫೋನಿಗೆ ದುಡ್ಡು ಹಾಕ್ದಂಗೆ ಕರೆಂಟಿಗೂ ಹಾಕ್ಬೇಕಾ? ಕೆಇಬಿಯವ್ರಿಗೆ ಒಂದು ಮಾತು ಹೇಳು" ಅಂದರು ಅತ್ತೆ. ಕೆಇಬಿ 1999ರಲ್ಲೇ ಕೆಪಿಟಿಸಿಎಲ್ ಆಗಿ, ಆಮೇಲೆ ಹಾಸನ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ಕಂಪನಿ, ಅಂದರೆ ಸೆಸ್ಕ್ ಪಾಲಿಗೆ ಬಂದು ಎಷ್ಟೋ ವರ್ಷವಾಯಿತು. ನಮ್ಮ ಕಡೆ ಲೈನ್‌ಮನ್ ಕೂಡ ಬಾಗಿಲಲ್ಲಿ ನಿಂತು "ಕೆಇಬಿಯಿಂದ ಬಂದಿದೀವಿ" ಅಂತಲೇ ಕೂಗೋದು. ಅತ್ತೆಯ ಸಮಾಧಾನಕ್ಕೆ 1912ಕ್ಕೆ ಫೋನ್ ಮಾಡಿದೆ. ಆರ್‌ಆರ್ ನಂಬರ್, ಅಂದರೆ ಕರೆಂಟ್ ಬಿಲ್ಲಿನ ಮೇಲಿರೋ ಕನೆಕ್ಷನ್ ನಂಬರ್, ಕೇಳಿದರು. ನನ್ನ ಹತ್ತಿರ ಇದ್ದದ್ದು ಫ್ಲ್ಯಾಟ್ ನಂಬರ್ ಮಾತ್ರ. ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಕನೆಕ್ಷನ್ ಇರೋ ಕಡೆ ಅವರ ಲೆಕ್ಕ ಆ ದೊಡ್ಡ ಮೀಟರಿಗೆ ಮುಗಿಯಿತು. ಒಳಗಿನ ಪ್ರೀಪೇಯ್ಡ್ ಮೀಟರುಗಳೆಲ್ಲ ಅಪಾರ್ಟ್‌ಮೆಂಟಿನವರವು, ಅದರ ಜಗಳ ಅವರ ಹತ್ತಿರವೇ ಆಡಬೇಕು.

ಮೀಟರು ಇದ್ದದ್ದು ನೆಲಮಹಡಿಯಲ್ಲಿ, ಜನರೇಟರ್ ಪಕ್ಕದ ಕೋಣೆಯಲ್ಲಿ. ವಾಚ್‌ಮನ್ ಬೀಗ ತೆಗೆದುಕೊಟ್ಟ. ಒಳಗೆ ಎಣ್ಣೆ ವಾಸನೆ. ಗೋಡೆ ತುಂಬ ಅಂಗೈಯಗಲದ ಬಿಳಿ ಡಬ್ಬಿಗಳು, ಒಂದೊಂದರ ಮೂಗಿನ ಮೇಲೂ ಒಂದು ಕೆಂಪು ದೀಪ ಮಿಟುಕುತ್ತಿದೆ. ನಮ್ಮದು ಮಾತ್ರ ಸುಮ್ಮನಿತ್ತು. ಅದರ ಪುಟ್ಟ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬಂದು ಹೋಗುತ್ತಿದ್ದವು. ಮೊದಲು ಲೈನ್ ಕರೆಂಟಿನ ಯೂನಿಟ್, ಆಮೇಲೆ ಜನರೇಟರ್ ಯೂನಿಟ್, ಆಮೇಲೆ ಸದ್ಯ ಎಷ್ಟು ಕಿಲೋವ್ಯಾಟ್ ಎಳೆಯುತ್ತಿದೆ ಅನ್ನೋದು, ಕೊನೆಗೆ ಬ್ಯಾಲೆನ್ಸ್. ಬ್ಯಾಲೆನ್ಸ್ ಮೈನಸ್ 2014.

ನಾವು ಮನೆಗೆ ಕಾಲಿಟ್ಟು ಹದಿನಾರು ಗಂಟೆಯೂ ಆಗಿಲ್ಲ. ಎರಡು ಸಾವಿರ ಸಾಲ!

"ಭಾನುವಾರ ಕಟ್ ಆಗಲ್ಲ ಅಕ್ಕ" ಅಂದ ವಾಚ್‌ಮನ್. "ದಿನಾ ಸಂಜೆ 6ರಿಂದ ಬೆಳಿಗ್ಗೆ 10ರ ತನಕಾನೂ ಕಟ್ ಆಗಲ್ಲ. ರಾತ್ರಿ ಯಾರ ಮನೇಲೂ ಕತ್ತಲಾಗ್ಬಾರ್ದು ಅಂತ. 10 ಹೊಡೀತಿದ್ದಂಗೆ ತೆಗೆದುಬಿಡ್ತದೆ." ಮೀಟರಿಗೆ ಇಷ್ಟು ಮರ್ಯಾದೆ ಇದೆಯಲ್ಲ ಅಂತ ಖುಷಿಯಾಯಿತು. ಜೊತೆಗೆ ನಮ್ಮ ಮೊದಲ ರಾತ್ರಿಯ ಬೆಳಕೂ ಸಾಲದ್ದೇ ಅಂತ ಗೊತ್ತಾಯಿತು.

ರೀಚಾರ್ಜ್ ಮಾಡೋಕೆ ಆಪ್ ಇದೆ. ಹಾಕಿಕೊಂಡೆ. ಫ್ಲ್ಯಾಟ್ ನಂಬರ್ ಕೊಟ್ಟೆ. ನೋಂದಾಯಿಸಿದ ಮೊಬೈಲಿಗೆ ಓಟಿಪಿ ಕಳಿಸಿದ್ದೇವೆ ಅಂತ ಬಂತು. ಆ ಮೊಬೈಲು ಹಿಂದೆ ಬಾಡಿಗೆಗಿದ್ದವರದು. ಪಕ್ಕದ ಮನೆಯವರ ಹತ್ತಿರ ಅವರ ನಂಬರ್ ಇತ್ತು. ಫೋನ್ ಹಚ್ಚಿ, ನಾನು ಯಾರು, ಏನು ಅಂತ ಹೇಳೋಕೆ ಶುರು ಮಾಡಿದೆ. ಅರ್ಧಕ್ಕೇ ನಿಲ್ಲಿಸಿ, "ಓಟಿಪಿ ಎಲ್ಲಾ ಯಾರಿಗೂ ಹೇಳಲ್ಲಮ್ಮ" ಅಂತ ಇಟ್ಟುಬಿಟ್ಟರು. ತಪ್ಪು ಹೇಳೋ ಹಾಗಿಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಅಪಾರ್ಟ್‌ಮೆಂಟ್ ಆಫೀಸು ತೆರೆಯೋದು 11ಕ್ಕೆ. ಕಂಪ್ಯೂಟರ್ ಮುಂದೆ ಒಬ್ಬ ಹುಡುಗ ಕೂತಿದ್ದ. ಒಂದು ಸಾವಿರ ಕೊಟ್ಟರೆ ಸದ್ಯಕ್ಕೆ ಕರೆಂಟ್ ಬರುತ್ತೆ ಅಂದ. ಫೋನ್‌ಪೇ ಮಾಡಿದೆ. ಕೆಳಗೆ ಹೋಗಿ ಮೀಟರಿನ ಬಿಳಿ ಗುಂಡಿ ಒತ್ತಿ ಅಂದ. ಒತ್ತಿದೆ. ಏನೂ ಇಲ್ಲ. ಮೈನಸ್ 1014 ಅಂತ ತೋರಿಸಿ ಮತ್ತೆ ಸುಮ್ಮನಾಯಿತು. ವಾಪಸ್ ಹೋದೆ. ವಿಷಯ ಏನಪ್ಪಾ ಅಂದರೆ, ಖಾಲಿ ಫ್ಲ್ಯಾಟುಗಳಿಗೆ ಅವರು 2,000 ರೂಪಾಯಿ ತನಕ ಸಾಲ ಬಿಟ್ಟಿರುತ್ತಾರೆ, ಬಣ್ಣ ಹೊಡೆಯುವವರಿಗೆ, ಕೊಳಾಯಿ ಕೆಲಸದವರಿಗೆ ಲೈಟು ಬೇಕಲ್ಲ. ಮನೆಗೆ ಜನ ಬಂದರು ಅಂತ ಹೆಸರು ಬದಲಾಯಿಸಿದ ಕೂಡಲೇ ಆ ಸಾಲ ರದ್ದಾಗುತ್ತೆ. ಈ ಮಹಾನುಭಾವ ನನ್ನ ದುಡ್ಡು ತೆಗೆದುಕೊಂಡ, ಜೊತೆಗೇ ಹೆಸರನ್ನೂ ಬದಲಾಯಿಸಿದ್ದ. ಸೊನ್ನೆಯಿಂದ ಮೇಲೆ ಬಂದರೆ ಮಾತ್ರ ಇನ್ನು ಕರೆಂಟು.

ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿತ್ತು. ಇನ್ನೊಂದು 1,500 ಹಾಕಿದೆ. ಬ್ಯಾಲೆನ್ಸ್ 486. ಗುಂಡಿ ಒತ್ತಿದಾಗ ಮೀಟರಿನ ಹೊಟ್ಟೆಯೊಳಗಿಂದ ಟಕ್ ಅಂತ ಒಂದು ಸದ್ದು ಬಂತು. ಆಮೇಲೆ ಎಷ್ಟೋ ಸಲ ಕೇಳಿದ ಸದ್ದು ಅದು. ಮೂರನೇ ಮಹಡಿಗೆ ಹತ್ತುವಷ್ಟರಲ್ಲಿ ಪ್ಯಾಸೇಜ್ ಲೈಟೂ ಬಂದಿತ್ತು.

ಆ 486 ನಾಲ್ಕು ದಿನಕ್ಕೆ ಮುಗಿಯಿತು.

ಅತ್ತೆಗೆ ಸಿಟ್ಟು ಬಂದದ್ದು ಅವಾಗಲೇ. ಸಕಲೇಶಪುರದಲ್ಲಿ ನಮಗೆ ಗೃಹಜ್ಯೋತಿ ಇತ್ತು. 2023ರಲ್ಲಿ ಯೋಜನೆ ಶುರುವಾದಾಗಿನಿಂದ ನಮ್ಮದು ಸೊನ್ನೆ ಬಿಲ್ಲು. ಮೀಟರ್ ಓದುವ ಹುಡುಗ ಕೊರಳಿಗೆ ಮಷೀನ್ ತೂಗುಹಾಕಿಕೊಂಡು ಬಂದು, ಚೀಟಿ ಹರಿದು ಗೇಟಿನ ಸಂದಿಗೆ ಸಿಕ್ಕಿಸಿ ಹೋಗುತ್ತಿದ್ದ. ಅತ್ತೆ ಅದನ್ನು ಕನ್ನಡಕ ಹಾಕಿಕೊಂಡು ಓದಿ, ಸೊನ್ನೆ ಇದೆ ಅಂತ ಖಾತ್ರಿ ಮಾಡಿಕೊಂಡು ದೇವರ ಮನೆಯ ಡ್ರಾಯರಿಗೆ ಹಾಕೋರು. ಆ ಯೋಜನೆಗೆ ಮನೆಗೊಂದು ಆರ್‌ಆರ್ ನಂಬರ್ ಬೇಕು. ನಮ್ಮ ಈ ಫ್ಲ್ಯಾಟಿಗೆ ಅದಿಲ್ಲ. ಅಂದರೆ ಮೊದಲನೇ ಯೂನಿಟ್ಟಿನಿಂದಲೇ ದುಡ್ಡು. ಬಾಡಿಗೆ ಮನೆ ನೋಡುವಾಗ ನೀರು ಬರುತ್ತಾ, ಬಿಸಿಲು ಬೀಳುತ್ತಾ ಅಂತೆಲ್ಲ ಕೇಳಿದ್ದೆ. ಸ್ವಂತ ಆರ್‌ಆರ್ ನಂಬರ್ ಇದೆಯಾ ಅಂತ ಕೇಳಬೇಕು ಅನ್ನೋದು ಹೊಳೆದಿರಲಿಲ್ಲ.

"ಮೀಟರ್ ಓಡ್ತಾ ಇದೆ, ಯಾರೋ ಏನೋ ಮಾಡಿದಾರೆ" ಅಂತ ಅತ್ತೆ. ನನಗೂ ಹಾಗೇ ಅನಿಸಿತ್ತು. ಪೋಸ್ಟ್‌ಪೇಯ್ಡ್ ಬಿಲ್ಲಾದರೆ ಕೈಯಲ್ಲೊಂದು ಚೀಟಿ ಇರುತ್ತೆ, ಜಾಸ್ತಿ ಬಂದರೆ ಕಟ್ಟೋಕೆ ಮುಂಚೆ ಹೋಗಿ ಕೂಗಾಡಬಹುದು. ಇಲ್ಲಿ ದುಡ್ಡು ಮೊದಲೇ ಹೋಗಿರುತ್ತೆ. ಆಮೇಲೆ ಎಲ್ಲಿ ಹೋಯಿತು ಅಂತ ಹುಡುಕಿಕೊಂಡು ಓಡಾಡೋದು ನಮ್ಮ ಕೆಲಸ.

ಆಫೀಸಿನ ಹುಡುಗನ ಹತ್ತಿರ ದಿನದಿನದ ಲೆಕ್ಕ ಪ್ರಿಂಟ್ ಕೊಡಪ್ಪ ಅಂದೆ. "ಆಪಲ್ಲೇ ಬರುತ್ತಲ್ಲ ಮೇಡಂ" ಅಂದ. ಆಪು ಇನ್ನೂ ಹಳಬರ ನಂಬರಿನಲ್ಲೇ ಇದೆ, ಅದನ್ನು ಬದಲಾಯಿಸೋಕೆ ಓನರ್ ಸಹಿ ಮಾಡಿದ ಕಾಗದ ಬೇಕು ಅಂತ ನೀನೇ ಹೇಳಿದ್ದೀಯಲ್ಲ ಅಂದೆ. ಪ್ರಿಂಟ್ ಕೊಟ್ಟ. ಮೇ 30ರಿಂದ, ಅಂದರೆ ಹಿಂದಿನವರು ಬಿಟ್ಟುಹೋದ ಮಾರನೇ ದಿನದಿಂದ.

ರಾತ್ರಿ ಊಟವಾದ ಮೇಲೆ ಆ ಹಾಳೆ ಹರಡಿಕೊಂಡು ಕೂತೆ. ಮೊದಲ ಗುಟ್ಟು ಅಲ್ಲೇ ಇತ್ತು. ದಿನಾ 70 ರೂಪಾಯಿ ಮೇಂಟೆನೆನ್ಸ್ ಅದೇ ಬ್ಯಾಲೆನ್ಸಿನಿಂದ ಕಡಿದುಕೊಳ್ಳುತ್ತಿದ್ದರು. ತಿಂಗಳಿಗೆ 2,100 ಮೇಂಟೆನೆನ್ಸ್ ಅಂತ ಓನರ್ ಹೇಳಿದ್ದು ನಿಜ. ಅದು ಮೀಟರಿನ ಬಾಯಿಂದ ಹನಿಹನಿಯಾಗಿ ಹೋಗುತ್ತೆ ಅಂತ ಹೇಳಿರಲಿಲ್ಲ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ 70. ಒಂದು ಲೈಟು ಹಾಕದಿದ್ದರೂ 70. ನಮ್ಮ ಕರೆಂಟಿನ ಖರ್ಚು ದಿನಕ್ಕೆ ಐದು ಯೂನಿಟ್, ಯೂನಿಟ್ಟಿಗೆ 8 ರೂಪಾಯಿ ಹಾಗೆ 40. ಒಟ್ಟು 110. ನಾಲ್ಕು ದಿನಕ್ಕೆ 486 ಮುಗಿಯದೆ ಇನ್ನೇನು?

8 ರೂಪಾಯಿ ಹೇಗೆ ಅಂತಲೂ ಕೇಳಿದೆ. ಏಪ್ರಿಲ್ 2025ರಿಂದ ಆಗ ಮನೆ ಬಳಕೆಯ ದರ ಯೂನಿಟ್ಟಿಗೆ 5.80 ಇತ್ತು. ಅದರ ಮೇಲೆ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಅಂತ 36 ಪೈಸೆ. ಶೇ 9 ತೆರಿಗೆ. ಉಳಿದದ್ದು ಕಟ್ಟಡದ ದೊಡ್ಡ ಕನೆಕ್ಷನ್ನಿನ ನಿಗದಿತ ಶುಲ್ಕವನ್ನು ಹಂಚಿದ್ದು ಅಂದರು. ಆ ಕೊನೆಯ ಸಾಲಿನ ಮೇಲೆ ನನಗೆ ಈಗಲೂ ಅನುಮಾನವಿದೆ. ಅದರ ಜಗಳ ಮುಂದಿನ ಮೀಟಿಂಗಿಗೆ ಇಟ್ಟುಕೊಂಡಿದ್ದೇನೆ.

ಎರಡನೇ ಗುಟ್ಟು ಕಾಣೋಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬಣ್ಣದವರು ಬಂದದ್ದು ಮೂರು ದಿನ. ಮಿಕ್ಕ ದಿನಗಳಲ್ಲಿ ಮನೆಗೆ ಬೀಗ, ಕೀಲಿ ಓನರ್ ಹತ್ತಿರ. ಆದರೂ ಹಾಳೆಯಲ್ಲಿ ಯೂನಿಟ್ಟಿನ ಸಾಲು ಹೀಗಿತ್ತು: 1.2, 1.2, 1.2, 1.2. ಒಂದು ದಿನವೂ 1.1 ಇಲ್ಲ, 1.3 ಇಲ್ಲ. ಫ್ರಿಜ್ಜಾದರೆ ಸೆಕೆಗೆ ತಕ್ಕ ಹಾಗೆ ಏರುಪೇರಾಗುತ್ತೆ. ಮನುಷ್ಯರು ಇದ್ದರಂತೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲ್ಲ. ಬೀಗ ಹಾಕಿದ ಮನೆಯಲ್ಲಿ ದಿನಾ ಇಷ್ಟು ಶಿಸ್ತಾಗಿ ಕರೆಂಟು ಕುಡಿಯುತ್ತಿರೋದು ಯಾವುದು?

ಮಾರನೇ ದಿನ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ, ಅತ್ತೆಗೆ ಹತ್ತು ನಿಮಿಷ ಸುಧಾರಿಸಿಕೊಳ್ಳಿ ಅಂತ ಹೇಳಿ ಮೀಟರ್ ಕೋಣೆಗೆ ಇಳಿದೆ. ಕೆಂಪು ದೀಪದ ಪಕ್ಕ ಸಣ್ಣ ಅಕ್ಷರದಲ್ಲಿ 3200 ಅಂತ ಬರೆದಿರುತ್ತೆ. ಆ ದೀಪ 3,200 ಸಲ ಮಿಟುಕಿದರೆ ಒಂದು ಯೂನಿಟ್ ಅಂತ ಅರ್ಥ. ನಮ್ಮ 2 ಕಿಲೋವ್ಯಾಟ್ ಗೀಸರ್ ಹಾಕಿದಾಗ ಅದು ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ ಹೊಡೆದುಕೊಳ್ಳುತ್ತೆ, ಜ್ವರ ಬಂದವರ ನಾಡಿ ಥರ. ಈಗ ಮನೆಯಲ್ಲಿ ಎಲ್ಲಾ ಬಂದ್. ಮಿಟುಕಲೇಬಾರದು.

ಮಿಟುಕಿತು. ಫೋನಿನ ಸ್ಟಾಪ್‌ವಾಚ್ ಒತ್ತಿ ನಿಂತೆ. ಜನರೇಟರ್ ಕೋಣೆಯ ಸೊಳ್ಳೆಗಳು ಕಾಲಿಗೆ ಮುತ್ತಿಕೊಂಡವು. ಹತ್ತು ಸೆಕೆಂಡು, ಹದಿನೈದು, ಇಪ್ಪತ್ತು. ಇಪ್ಪತ್ತೆರಡು ದಾಟುವಾಗ ಇನ್ನೊಂದು ಸಲ. ಹತ್ತು ಸಲ ಅಳೆದೆ, ಹತ್ತು ಸಲವೂ ಇಪ್ಪತ್ತೆರಡೂವರೆಯ ಆಸುಪಾಸು. ಗಂಟೆಗೆ 160 ಮಿಟುಕು, ದಿನಕ್ಕೆ 3,840. ಅದನ್ನು 3,200ರಿಂದ ಭಾಗಿಸಿದರೆ 1.2. ಹಾಳೆಯ ಲೆಕ್ಕ ಮೀಟರ್ ಬಾಯಲ್ಲೇ ಬಂತು. ಅಂದರೆ ಹಗಲೂ ರಾತ್ರಿ 50 ವ್ಯಾಟಿನ ಯಾವುದೋ ಒಂದು ವಸ್ತು ನಮ್ಮ ಮೀಟರಿನ ಆಚೆ, ನಮ್ಮ ಮೇನ್ ಸ್ವಿಚ್ಚಿನ ಈಚೆ ಕೂತಿದೆ.

ಮೆಟ್ಟಿಲು ಹತ್ತಿ ಬಂದರೆ ಪ್ಯಾಸೇಜಿನಲ್ಲಿ ಎರಡು ಟ್ಯೂಬ್‌ಲೈಟು ಪಟ್ಟಾಗಿ ಉರಿಯುತ್ತಿವೆ, ಮಧ್ಯಾಹ್ನ ಹನ್ನೆರಡು ಗಂಟೆಗೆ. ಮೂಲೆಯಲ್ಲಿ ಕ್ಯಾಮೆರಾ. ಮೊದಲ ದಿನ ಪಕ್ಕದ ಮನೆಯವರು ಮೇಲಕ್ಕೆ ನೋಡಿ ಹೇಳಿದ ಮಾತು ಅವಾಗ ನೆನಪಾಯಿತು. ನಮ್ಮ ಬ್ಯಾಲೆನ್ಸ್ ಮುಗಿದರೆ ಪ್ಯಾಸೇಜಿಗೆ ಯಾಕೆ ಕತ್ತಲಾಗಬೇಕು?

ಇಷ್ಟು ಹಿಡಿದುಕೊಂಡು ಹೋದರೆ ಆಫೀಸಿನವರು ತಲೆಬಾಗುತ್ತಾರೆ ಅಂದುಕೊಂಡಿದ್ದೆ. "ಮೀಟರ್ ಎಲ್ಲ ಟೆಸ್ಟ್ ಆಗಿ ಬಂದಿರ್ತವೆ ಮೇಡಂ" ಅಂದರು. ಮೀಟರ್ ಸರಿಯಾಗೇ ಇದೆ, ತಪ್ಪಿರೋದು ವೈರಿನಲ್ಲಿ ಅಂದೆ. ಎಲೆಕ್ಟ್ರಿಷಿಯನ್ ಬರಬೇಕು ಅಂದರು. ಎಲೆಕ್ಟ್ರಿಷಿಯನ್ ನಾಳೆ ಬರುತ್ತಾನೆ ಅಂದರು. ಆ ನಾಳೆ ಎರಡು ವಾರ ಬಂದಿತು.

ಆ ಎರಡು ವಾರದಲ್ಲಿ ಜನರೇಟರ್ ಪಾಠವೂ ಆಯಿತು. ಜುಲೈ ಮೊದಲ ವಾರ, ಜಿಟಿಜಿಟಿ ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಜನರೇಟರ್ ಶುರುವಾದರೆ ಮೀಟರು ತಾನೇ ಆ ಕಡೆಯ ದರಕ್ಕೆ ತಿರುಗಿಕೊಳ್ಳುತ್ತೆ, ಯೂನಿಟ್ಟಿಗೆ 24 ರೂಪಾಯಿ, ಡೀಸೆಲ್ ಖರ್ಚು. ಒಂದು ಕಿಲೋವ್ಯಾಟಿಗಿಂತ ಜಾಸ್ತಿ ಎಳೆಯೋ ಹಾಗಿಲ್ಲ. ಅತ್ತೆಗೆ ಇದೆಲ್ಲ ಗೊತ್ತಿಲ್ಲ. ಕಾಯಿಚಟ್ನಿಗೆ ಮಿಕ್ಸಿ ತಿರುಗಿಸಿದರು. ಮಿಕ್ಸಿ 750, ಫ್ರಿಜ್ಜು, ಟಿವಿ, ಫ್ಯಾನು, ಲೈಟು. ಟಕ್. ಎರಡು ನಿಮಿಷಕ್ಕೆ ತಾನೇ ವಾಪಸ್ ಬಂತು. ಮಿಕ್ಸಿಯ ಗುಂಡಿ ಹಾಗೇ ಒತ್ತಿದ್ದಲ್ಲೇ ಇತ್ತು, ಮುಚ್ಚಳ ತೆಗೆದಿತ್ತು. ಚಟ್ನಿ ಅಟ್ಟದ ತನಕ ಹೋಯಿತು. ಬಣ್ಣ ಹೊಸದು, ಮೊಳೆ ಹೊಡೀಬೇಡಿ ಅಂದಿದ್ದರು, ಚಟ್ನಿ ಬಗ್ಗೆ ಏನೂ ಅಂದಿರಲಿಲ್ಲ. ಈಗ ಜನರೇಟರ್ ಸದ್ದು ಕೇಳಿದ ಕೂಡಲೇ ಅತ್ತೆ ಟಿವಿ ಆರಿಸಿ, ಒರಳುಕಲ್ಲು ತರೋದಕ್ಕೆ ಇನ್ನೂ ಹೇಳ್ತಾನೇ ಇದ್ದೀನಿ ಅಂತ ನನ್ನ ಕಡೆ ನೋಡುತ್ತಾರೆ.

ಜುಲೈ 12ರ ಶನಿವಾರ ಎಲೆಕ್ಟ್ರಿಷಿಯನ್ ಬಂದ. ಪ್ಯಾಸೇಜಿನ ಗೋಡೆಯಲ್ಲಿ ವೈರುಗಳು ಮೇಲೆ ಹೋಗೋ ಕಂಡಿಯ ಬಾಗಿಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದ. ಜೇಡರಬಲೆ, ಸತ್ತ ಹಲ್ಲಿ, ಸಿಮೆಂಟಿನ ಪುಡಿ. ನಮ್ಮ ಮನೆಗೆ ಹೋಗೋ ದಪ್ಪ ವೈರಿನ ಹೊಟ್ಟೆ ಸುಲಿದು, ಅಲ್ಲಿಂದ ಎರಡು ಸಣ್ಣ ವೈರು ಎಳೆದು, ಮೇಲೆ ಹಳದಿ ಟೇಪು ಸುತ್ತಿತ್ತು. ಟೇಪಿನ ಅಂಟು ಕರಗಿ ಜೇನಿನ ಥರ ಇಳಿದಿತ್ತು.

"ಬಿಲ್ಡಿಂಗ್ ಕಟ್ಟುವಾಗ ಟೆಂಪರರಿ ಅಂತ ಕೊಟ್ಟಿರ್ತಾರೆ ಮೇಡಂ. ಆಮೇಲೆ ಮರ್ತಿರ್ತಾರೆ" ಅಂದ. ಹತ್ತೇ ನಿಮಿಷದಲ್ಲಿ ಆ ವೈರು ಕತ್ತರಿಸಿ ಕಟ್ಟಡದ ಕಾಮನ್ ಲೈನಿಗೆ ಕೊಟ್ಟ. ನಾನು ಮತ್ತೆ ಮೇನ್ ಇಳಿಸಿ ಕೆಳಗೆ ಓಡಿದೆ. ಐದು ನಿಮಿಷ ಕಣ್ಣು ಮಿಟುಕಿಸದೆ ನೋಡಿದೆ. ದೀಪವೂ ಮಿಟುಕಲಿಲ್ಲ.

ಇನ್ನು ವಸೂಲಿ. ಮೈನಸ್ 2014ನ್ನು ಬಿಡಿಸಿ ಒಂದು ಹಾಳೆಯಲ್ಲಿ ಬರೆದೆ. ಮನೆ ಖಾಲಿ ಇದ್ದ 24 ದಿನದ ಮೇಂಟೆನೆನ್ಸ್ 1,680, ಓನರಿನದು. ಬಣ್ಣದವರ 12 ಯೂನಿಟ್, 96 ರೂಪಾಯಿ, ಅದೂ ಓನರಿನದು. ಪ್ಯಾಸೇಜಿನ 230 ಅಪಾರ್ಟ್‌ಮೆಂಟಿನ ಸಂಘದ್ದು. ನಮ್ಮ ಮೊದಲ ರಾತ್ರಿಯ ಆರು ಯೂನಿಟ್, 48 ರೂಪಾಯಿ, ನಮ್ಮದು. ಹಿಂದಿನವರು ಸಾಲ ಬಿಟ್ಟು ಹೋಗಿದ್ದಾರೆ ಅಂತ ಮೊದಲ ದಿನ ಮನಸ್ಸಿನಲ್ಲೇ ಬೈದಿದ್ದೆ. ಪಾಪ, ಅವರು 40 ರೂಪಾಯಿ ಜಮೆ ಬಿಟ್ಟು ಹೋಗಿದ್ದರು.

ಓನರ್ ಫೋನಿನಲ್ಲಿ ಎಲ್ಲಾ ಕೇಳಿಸಿಕೊಂಡರು. "ಮೇಂಟೆನೆನ್ಸ್ ಬಾಡಿಗೇಲಿ ಕಳ್ಕೊಳಮ್ಮ. ಬಣ್ಣ ಹೊಡೆಸಿದ್ದು ನಿಮಗೋಸ್ಕರ ತಾನೆ?" ಅಂದರು. 96 ರೂಪಾಯಿಗೆ ವಾದ ಮಾಡೋಕೆ ಮನಸ್ಸಾಗಲಿಲ್ಲ, ಅಟ್ಟದ ಚಟ್ನಿ ಕಲೆ ನೆನಪಿತ್ತು. ಸಂಘದವರು 44 ದಿನದ ಲೆಕ್ಕ ಹಾಕಿ 422 ರೂಪಾಯಿ 40 ಪೈಸೆ ನಮ್ಮ ಮೀಟರಿಗೆ ಜಮೆ ಮಾಡಿದರು. ಪೈಸೆ ಬಿಡಲಿಲ್ಲ ಅನ್ನೋದು ಅತ್ತೆಗೆ ಬಹಳ ಹಿಡಿಸಿತು.

ಅವತ್ತು ಸಂಜೆ ಹಿಂದಿನ ಬಾಡಿಗೆಯವರಿಗೆ ಮತ್ತೆ ಫೋನ್ ಮಾಡಿದೆ. ಓಟಿಪಿ ಬೇಡ ಸರ್, ಒಂದು ವಿಷಯ ಹೇಳಬೇಕಿತ್ತು ಅಂತ ಶುರು ಮಾಡಿ ಪೂರ್ತಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಾವು ಇಪ್ಪತ್ತಾರು ತಿಂಗ್ಳು ಇದ್ವಿ ಮೇಡಂ. ಎಷ್ಟಾಗ್ಬಹುದು?"

ಇವತ್ತಿನ ದರದಲ್ಲಾದರೆ ಏಳೂವರೆ ಸಾವಿರದ ಹತ್ತಿರ ಅಂದೆ. ಮತ್ತೆ ಸದ್ದಿಲ್ಲ. "ಗೀಸರ್ ಜಾಸ್ತಿ ಹಾಕ್ತೀಯ ಅಂತ ಮನೆಯವ್ಳಿಗೆ ಎಷ್ಟು ಬೈದಿದೀನಿ" ಅಂದರು.

ಸಂಘಕ್ಕೆ ಅರ್ಜಿ ಬರೆದುಕೊಟ್ಟಿದ್ದಾರೆ. ನನ್ನ ಹಾಳೆಯ ಜೆರಾಕ್ಸ್ ಜೊತೆಗಿಟ್ಟಿದ್ದಾರೆ. ಇನ್ನೂ ತೀರ್ಮಾನವಾಗಿಲ್ಲ. ಓನರ್ ಸಹಿಯ ಕಾಗದವೂ ಇನ್ನೂ ಬಂದಿಲ್ಲ, ಹಾಗಾಗಿ ಬ್ಯಾಲೆನ್ಸ್ ಕಡಿಮೆಯಾದರೆ ಮೆಸೇಜು ಈಗಲೂ ಅವರ ಮೊಬೈಲಿಗೇ ಹೋಗುತ್ತೆ. ಮೊನ್ನೆ ರಾತ್ರಿ ಒಂಬತ್ತಕ್ಕೆ ಫೋನ್ ಬಂತು.

"ಮೇಡಂ, ನಿಮ್ದು 62 ರೂಪಾಯಿ ಇದೆ. ಬೆಳಿಗ್ಗೆ 10ಕ್ಕೆ ಮುಂಚೆ ಹಾಕ್ಕೊಂಡ್ಬಿಡಿ."